ಹಲವು ನೋವಿಗೆ ಒಂದು ಹೆಸರು: ಹುಟ್ಟಿನೊಡನೆ ಬರುವ ಮೂತ್ರಾಂಗ ವ್ಯತ್ಯಯಗಳನ್ನು ಕುರಿತು

(ನಮ್ಮ ಬಳಗದ ಮಳೆಗಾಲದ ಅಧ್ಯಯನ ಶಿಬಿರದಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ನಾನು ವೈದ್ಯನಲ್ಲ, ಮಣ್ಣು ಮತ್ತು ಬೆಳೆಗಳನ್ನು ಓದಿಕೊಂಡವನು. ಹಾಗಿರುವಾಗ ಮಕ್ಕಳ ಮೂತ್ರಪಿಂಡದ ವಿಷಯವನ್ನು ನಾನೇಕೆ ಎತ್ತಿಕೊಂಡೆನೆಂದು ನೀವು ಕೇಳುವುದು ಸಹಜ. ಕಾರಣವನ್ನು ಮೊದಲೇ ಹೇಳಿಬಿಡುತ್ತೇನೆ. ಕಳೆದ ತಿಂಗಳ ಸಭೆಯಲ್ಲಿ ನಾವೊಂದು ಮನವಿಪತ್ರದ ಕರಡನ್ನು ಓದಿದೆವು. ತೋಟಗಳಿಗೆ ಹೊಡೆಯುವ ವಿಷಗಳ ಮೇಲೆ ನಿಗಾ ಇರಬೇಕೆಂಬುದು ಅದರ ಬೇಡಿಕೆ. ಅದು ನ್ಯಾಯವಾದುದೇ. ಆದರೆ ಅದರಲ್ಲಿ ಹೀಗೊಂದು ವಾಕ್ಯವಿತ್ತು: 'ಹತ್ತು ವರ್ಷಗಳಲ್ಲಿ ನಮ್ಮ ಪಂಚಾಯಿತಿಯಲ್ಲಿ ಕಿಡ್ನಿ ದೋಷವಿರುವ ನಾಲ್ಕು ಮಕ್ಕಳು ಹುಟ್ಟಿದ್ದಾರೆ, ಇದಕ್ಕೆ ಸಿಂಪಡಣೆಯೇ ಕಾರಣ.' ಆ ವಾಕ್ಯ ಇರುವ ತನಕ ನಾನು ಸಹಿ ಹಾಕಲಾರೆ ಎಂದೆ. ಕೆಲವು ಗೆಳೆಯರಿಗೆ ಬೇಸರವಾಯಿತು. ವಿಷ ಮಾರುವವರ ಪರ ವಹಿಸಿದಿರಾ ಎಂದು ಒಬ್ಬರು ಕೇಳಿಯೂಬಿಟ್ಟರು. ಆ ನಾಲ್ಕು ಮಕ್ಕಳಲ್ಲಿ ಒಬ್ಬ ನನ್ನ ತಂಗಿಯ ಮಗ. ಆದ್ದರಿಂದ ಉತ್ತರ ಕೊಡಬೇಕಾದ ಹೊಣೆ ನನ್ನ ಮೇಲೆ ಎರಡು ಪಟ್ಟು ಇದೆ.

ಆ ಹುಡುಗನ ಕಥೆಯಿಂದಲೇ ಆರಂಭಿಸುತ್ತೇನೆ. ಅವನು ಗರ್ಭದಲ್ಲಿದ್ದಾಗ, ಏಳನೆಯ ತಿಂಗಳಲ್ಲಿ ಮಾಡಿಸಿದ ಸ್ಕ್ಯಾನಿಂಗಿನ ಚೀಟಿಯಲ್ಲಿ 'ಹೈಡ್ರೊನೆಫ್ರೋಸಿಸ್' ಎಂದು ಬರೆದಿತ್ತು. ಹುಟ್ಟಿದ ಐದನೆಯ ತಿಂಗಳಲ್ಲಿ ಜ್ವರ ಬಂದಾಗ ಇನ್ನೊಂದು ಆಸ್ಪತ್ರೆಯ ಚೀಟಿಯಲ್ಲಿ 'ರಿಫ್ಲಕ್ಸ್' ಎಂದಿತ್ತು. ಮತ್ತೊಂದರಲ್ಲಿ 'ಡಿಸ್ಪ್ಲಾಸಿಯಾ' ಎಂಬ ಪದ. ಮೂರು ಚೀಟಿಗಳನ್ನು ಕೈಯಲ್ಲಿ ಹಿಡಿದ ತಂಗಿ, ತನ್ನ ಮಗುವಿಗೆ ಮೂರು ರೋಗಗಳಿವೆ ಎಂದೇ ತಿಳಿದಳು. ಮನೆಯ ಹಿರಿಯರು ಗ್ರಹಣದ ದಿನ ಅವಳು ಈಳಿಗೆಮಣೆಯ ಮುಂದೆ ಕುಳಿತದ್ದನ್ನು ನೆನಪಿಸಿದರು. ಒಂದು ಕಡೆ ಶಾಂತಿ, ಇನ್ನೊಂದು ಕಡೆ ನಾಗಪ್ರತಿಷ್ಠೆ ನಡೆದವು. ನಾನು ಡಾಕ್ಟರೇಟ್ ಪಡೆದವನು. ಆ ಮನೆಗೆ ತಿಂಗಳಿಗೊಮ್ಮೆ ಹೋಗಿಬರುತ್ತಿದ್ದವನು. ಆದರೂ ಆ ಚೀಟಿಗಳನ್ನು ಒಟ್ಟಿಗೆ ಇಟ್ಟು ಓದಲಿಲ್ಲ. ಅದು ನನ್ನ ತಪ್ಪು.

ಹುಡುಗನಿಗೆ ಎರಡು ವರ್ಷವಾಗುವ ಹೊತ್ತಿಗೆ ಒಬ್ಬ ವೈದ್ಯೆ ಮೂರು ಚೀಟಿಗಳನ್ನೂ ಮೇಜಿನ ಮೇಲೆ ಸಾಲಾಗಿಟ್ಟು, 'ಇದು ಮೂರು ರೋಗವಲ್ಲಮ್ಮ, ಒಂದೇ' ಎಂದರು. ಮೂತ್ರ ಹೊರಹೋಗುವ ದಾರಿಯಲ್ಲಿ ತೆಳುವಾದೊಂದು ಪೊರೆ ಗರ್ಭದಲ್ಲಿರುವಾಗಲೇ ಅಡ್ಡಲಾಗಿ ಬೆಳೆದಿತ್ತು. ಅದನ್ನು ಹಿಂಬದಿಯ ಮೂತ್ರದ್ವಾರದ ಕವಾಟವೆನ್ನುತ್ತಾರೆ. ಗಂಡುಮಕ್ಕಳಲ್ಲಿ ಮಾತ್ರ ಕಾಣುವಂಥದು. ಮುಂದಿನದನ್ನು ತೋಟಗಾರರಿಗೆ ನಾನು ವಿವರಿಸಬೇಕಾಗಿಲ್ಲ. ಬಸಿಗಾಲುವೆಯ ಬಾಯಿ ಮುಚ್ಚಿದರೆ ಏನಾಗುತ್ತದೆ? ನೀರು ಹಿಂದಕ್ಕೆ ನಿಲ್ಲುತ್ತದೆ, ಕಾಲುವೆ ಉಬ್ಬುತ್ತದೆ, ಕೊನೆಗೆ ಮೇಲಿನ ಸಾಲಿನ ಮರಗಳ ಬೇರು ಕೊಳೆಯುತ್ತದೆ. ಇಲ್ಲಿಯೂ ಹಾಗೆಯೇ. ಮೂತ್ರಪಿಂಡದ ಬಟ್ಟಲು ಉಬ್ಬಿದ್ದು ಮೊದಲ ಚೀಟಿಯ ಹೆಸರು. ಮೂತ್ರವು ಮೂತ್ರಕೋಶದಿಂದ ಹಿಮ್ಮುಖವಾಗಿ ಹರಿದದ್ದು ಎರಡನೆಯದು. ಪಿಂಡದ ಅಂಗಾಂಶವೇ ಸರಿಯಾಗಿ ರೂಪುಗೊಳ್ಳದಿದ್ದದ್ದು ಮೂರನೆಯದು. ತುದಿಯಲ್ಲಿದ್ದ ತಡೆಯನ್ನು ದುರ್ಬೀನಿನ ಮೂಲಕ ಕತ್ತರಿಸಿದರು. ಹುಡುಗ ಈಗ ಶಾಲೆಗೆ ಹೋಗುತ್ತಿದ್ದಾನೆ. ಆದರೆ ಕಳೆದುಹೋದ ಎರಡು ವರ್ಷಗಳಲ್ಲಿ ಅವನ ಮೂತ್ರಪಿಂಡಗಳು ಕಳೆದುಕೊಂಡದ್ದು ಮರಳಿ ಬಾರದು. ಜೀವಮಾನವಿಡೀ ತಪಾಸಣೆ ತಪ್ಪಿದ್ದಲ್ಲ.

ಮಿತ್ರರೇ, ಹೀಗೆ ಬಿಡಿಬಿಡಿಯಾಗಿ ಕಾಣುವುದನ್ನು ಒಟ್ಟಾಗಿ ನೋಡಲು ವೈದ್ಯವಿಜ್ಞಾನ ರೂಪಿಸಿಕೊಂಡ ಪದವೊಂದಿದೆ. ಇಂಗ್ಲಿಷಿನ ಮೊದಲಕ್ಷರಗಳನ್ನು ಜೋಡಿಸಿ ಅದನ್ನು 'ಕಾಕುಟ್' ಎಂದು ಕರೆಯುತ್ತಾರೆ. ಮೂತ್ರಪಿಂಡ ಮತ್ತು ಮೂತ್ರಮಾರ್ಗಗಳ ಜನ್ಮಜಾತ ವ್ಯತ್ಯಯಗಳು ಎಂಬುದು ಅದರ ತಾತ್ಪರ್ಯ. ಈ ಕೊಡೆಯ ಕೆಳಗೆ ಬರುವವು ಹಲವು: ಒಂದು ಮೂತ್ರಪಿಂಡವೇ ಇಲ್ಲದಿರುವುದು, ಇದ್ದೂ ತೀರ ಸಣ್ಣದಾಗಿರುವುದು, ಅಂಗಾಂಶ ಅಸ್ತವ್ಯಸ್ತವಾಗಿರುವುದು, ಎರಡೂ ಪಿಂಡಗಳು ಕೆಳತುದಿಯಲ್ಲಿ ಕೂಡಿ ಕುದುರೆ ಲಾಳದಂತಿರುವುದು, ಪಿಂಡವು ಮೇಲೇರದೆ ಕಿಬ್ಬೊಟ್ಟೆಯಲ್ಲಿಯೇ ಉಳಿಯುವುದು, ಒಂದಕ್ಕೆ ಎರಡು ಮೂತ್ರನಾಳಗಳಿರುವುದು, ನಾಳ ಆರಂಭವಾಗುವಲ್ಲಿ ಅಥವಾ ಕೊನೆಗೊಳ್ಳುವಲ್ಲಿ ಇಕ್ಕಟ್ಟು, ಹಿಮ್ಮುಖ ಹರಿವು, ನಾನು ಹೇಳಿದ ಕವಾಟ. ಇವೆಲ್ಲ ಸೇರಿ ಪ್ರತಿ 1000 ಜನನಗಳಲ್ಲಿ ಸುಮಾರು 3ರಿಂದ 6 ಮಕ್ಕಳಲ್ಲಿ ಕಾಣುತ್ತವೆ. ಹಲವು ದೇಶಗಳ ದಾಖಲೆಗಳಲ್ಲಿ ಮಕ್ಕಳ ದೀರ್ಘಕಾಲದ ಮೂತ್ರಪಿಂಡ ಕಾಯಿಲೆಗೆ ಶೇಕಡಾ 40ರಿಂದ 50ರಷ್ಟು ಮೂಲ ಇದೇ ಗುಂಪು.

ನೋಡಲು ಇಷ್ಟು ಭಿನ್ನವಾದವುಗಳನ್ನು ಒಂದೇ ಹೆಸರಿನಡಿ ತಂದುದೇಕೆ? ಉತ್ತರ ಭ್ರೂಣದ ಐದನೆಯ ವಾರದಲ್ಲಿದೆ. ಆಗ ಭ್ರೂಣದಲ್ಲಿರುವ ಒಂದು ನಾಳದಿಂದ ಪುಟ್ಟದೊಂದು ಮೊಗ್ಗು ಹೊರಡುತ್ತದೆ. ಅದು ಪಕ್ಕದ ಮೃದು ಅಂಗಾಂಶದೊಳಕ್ಕೆ ಹೊಕ್ಕು, ಕವಲೊಡೆದು, ಮತ್ತೆ ಕವಲೊಡೆದು ಬೆಳೆಯುತ್ತದೆ. ಮೊಗ್ಗು ಅಂಗಾಂಶಕ್ಕೆ ಸೂಚನೆ ಕೊಡುತ್ತದೆ. ಅಂಗಾಂಶ ಮೊಗ್ಗಿಗೆ ಸೂಚನೆ ಕೊಡುತ್ತದೆ. ಒಂದಿಲ್ಲದೆ ಇನ್ನೊಂದು ಬೆಳೆಯದು. ಮೊಗ್ಗಿನ ಕಾಂಡವೇ ಮೂತ್ರನಾಳ, ಅದರ ಕವಲುಗಳೇ ಪಿಂಡದ ಸಂಗ್ರಹನಾಳಗಳು, ಸುತ್ತಲಿನ ಅಂಗಾಂಶವೇ ಸೋಸುವ ಘಟಕಗಳಾದ ನೆಫ್ರಾನ್‌ಗಳು. ಮೊಗ್ಗು ಹೊರಡದಿದ್ದರೆ ಪಿಂಡವಿಲ್ಲ. ಎರಡು ಮೊಗ್ಗು ಹೊರಟರೆ ಎರಡು ನಾಳ. ತಪ್ಪಾದ ಜಾಗದಿಂದ ಹೊರಟರೆ ನಾಳ ಮೂತ್ರಕೋಶವನ್ನು ತಪ್ಪಾದ ಜಾಗದಲ್ಲಿ ಸೇರಿ ಹಿಮ್ಮುಖ ಹರಿವಿಗೆ ದಾರಿಯಾಗುತ್ತದೆ, ಜೊತೆಗೆ ಅಂಗಾಂಶವೂ ಅಸ್ತವ್ಯಸ್ತವಾಗುತ್ತದೆ. ಒಂದೇ ಹೆಜ್ಜೆ ತಪ್ಪಿದರೆ ಎರಡು ಕಡೆ ಊನ. ಇದನ್ನು 1975ರಲ್ಲಿ ಮ್ಯಾಕಿ ಮತ್ತು ಸ್ಟೀಫನ್ಸ್ ಎಂಬ ವೈದ್ಯರು ಎರಡು ನಾಳಗಳುಳ್ಳ ಪಿಂಡಗಳನ್ನು ಪರೀಕ್ಷಿಸಿ ಸೂಚಿಸಿದ್ದರು.

ಅದಕ್ಕೂ ಮೊದಲು ವಿವರಣೆ ಬೇರೆಯಿತ್ತು. ಎಲ್ಲವೂ ತಡೆಯ ಫಲ, ಒತ್ತಡದ ಫಲ ಎಂದು ಹಲವರು ನಂಬಿದ್ದರು. ನನ್ನ ಸೋದರಳಿಯನಂಥವರಲ್ಲಿ ಅದು ಬಹುಪಾಲು ನಿಜ. ಆದರೆ ಯಾವ ತಡೆಯೂ ಇಲ್ಲದ ಮಕ್ಕಳಲ್ಲಿಯೂ ಪಿಂಡ ಕೆಟ್ಟಿರುವುದನ್ನು ಆ ವಾದ ವಿವರಿಸಲಾರದು. 1990ರ ದಶಕದಲ್ಲಿ ಇಲಿಗಳ ಮೇಲೆ ನಡೆದ ಜೀನ್ ಪ್ರಯೋಗಗಳು ಚಿತ್ರವನ್ನು ಬದಲಿಸಿದವು. ಮೊಗ್ಗನ್ನು ಕರೆಯುವ ಒಂದು ಪ್ರೋಟೀನಿನ ಜೀನನ್ನು ತೆಗೆದುಹಾಕಿದರೆ ಇಲಿಮರಿಗಳು ಮೂತ್ರಪಿಂಡವಿಲ್ಲದೆ ಹುಟ್ಟುತ್ತವೆಂದು 1996ರಲ್ಲಿ ತಿಳಿಯಿತು. ಇನ್ನೊಂದು ಜೀನಿನ ಕೊರತೆಯಿದ್ದ ಇಲಿಗಳಲ್ಲಿ ಒಂದಕ್ಕೆ ಹಿಮ್ಮುಖ ಹರಿವು, ಮತ್ತೊಂದಕ್ಕೆ ಸಣ್ಣ ಪಿಂಡ, ಮಗುದೊಂದಕ್ಕೆ ನಾಳದ ಇಕ್ಕಟ್ಟು! ಕಾರಣ ಒಂದೇ, ರೂಪ ಹಲವು. ಆಗ ಇಚಿಕಾವಾ ಮತ್ತು ಅವರ ಸಂಗಡಿಗರು 1999ರ ತಮ್ಮ ಲೇಖನಗಳಲ್ಲಿ 'ಕಾಕುಟ್' ಎಂಬ ಹ್ರಸ್ವನಾಮವನ್ನು ಮುಂದಿಟ್ಟರು. ರೂಪವನ್ನು ನೋಡಿ ಬೇರೆ ಮಾಡಿದ್ದನ್ನು ಮೂಲವನ್ನು ನೋಡಿ ಒಂದು ಮಾಡಿದ ಹೆಸರು ಅದು.

ಹೀಗೆ ಒಂದು ಮಾಡುವುದರಿಂದ ಬಂದ ಲಾಭವನ್ನು ಸರಳವಾಗಿ ಹೇಳುತ್ತೇನೆ. ಒಂದು ಮಗುವಿಗೆ ಹಿಮ್ಮುಖ ಹರಿವು ಇದೆಯೆಂದು ಗೊತ್ತಾದರೆ ವೈದ್ಯರು ಪಿಂಡದ ಗಾತ್ರವನ್ನೂ ನೋಡುತ್ತಾರೆ. ಒಂದೇ ಪಿಂಡವಿದ್ದರೆ ಅದರ ನಾಳವನ್ನೂ ಪರೀಕ್ಷಿಸುತ್ತಾರೆ. ಅಣ್ಣನಿಗೆ ಒಂದು ಬಗೆ ಇದ್ದರೆ ತಂಗಿಗೆ ಇನ್ನೊಂದು ಬಗೆ ಇರಬಹುದೆಂಬ ಎಚ್ಚರ ಮೂಡುತ್ತದೆ. ಹೆಸರು ಒಂದಾದುದರಿಂದ ಕಣ್ಣು ಅಗಲವಾಯಿತು.

ಆದರೆ ಈ ಹೆಸರಿಗೆ ಮಿತಿಗಳೂ ಇವೆ. ನಮ್ಮ ಮನವಿಪತ್ರದ ಪ್ರಶ್ನೆ ಇರುವುದೇ ಅಲ್ಲಿ. ಮೊದಲನೆಯದಾಗಿ, ಗುಂಪಿನ ಗಡಿ ಎಲ್ಲರಿಗೂ ಒಂದೇ ಅಲ್ಲ. ವಂಶದಲ್ಲಿ ಹರಿದುಬರುವ, ಪಿಂಡದ ತುಂಬ ನೀರ್ಗುಳ್ಳೆಗಳಾಗುವ ಕಾಯಿಲೆಯನ್ನು ಹಲವರು ಕಾಕುಟ್‌ನಿಂದ ಹೊರಗಿಡುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಹತ್ತನೆಯ ಪಟ್ಟಿಯಾದರೋ ಮೂತ್ರಾಂಗಗಳ ಹುಟ್ಟುನ್ಯೂನತೆಗಳಿಗೆ ಕ್ಯೂ 60ರಿಂದ ಕ್ಯೂ 64ರ ತನಕ ಐದು ಸಂಕೇತಗಳನ್ನು ಕೊಟ್ಟು, ನೀರ್ಗುಳ್ಳೆಯ ಕಾಯಿಲೆಯನ್ನು ಕ್ಯೂ 61ರಲ್ಲಿ ಇಟ್ಟಿತು. ಕಾಕುಟ್ ಎಂಬ ಹೆಸರಿಗೆ ಆ ಪಟ್ಟಿಯಲ್ಲಿ ಪ್ರತ್ಯೇಕ ಸಂಕೇತವೇ ಇಲ್ಲ. ಒಂದೂರಿನ ಲೆಕ್ಕವನ್ನು ಇನ್ನೊಂದೂರಿನ ಲೆಕ್ಕದೊಡನೆ ಹೋಲಿಸುವ ಮೊದಲು ಯಾವ ಗಡಿಯೊಳಗೆ ಎಣಿಸಿದಿರಿ ಎಂದು ಕೇಳಲೇಬೇಕು.

ಎರಡನೆಯದಾಗಿ, ಒಳಗಿನ ಪದಗಳೂ ಅಷ್ಟೇ ಸಡಿಲವಾಗಿದ್ದವು. ಗರ್ಭದ ಸ್ಕ್ಯಾನಿಂಗಿನಲ್ಲಿ ಪಿಂಡದ ಬಟ್ಟಲು ತುಸು ಉಬ್ಬಿ ಕಂಡರೆ ಒಬ್ಬರು ಒಂದು ಪದ, ಇನ್ನೊಬ್ಬರು ಇನ್ನೊಂದು ಪದ ಬರೆಯುತ್ತಿದ್ದರು. 2014ರಲ್ಲಿ ಹಲವು ವೈದ್ಯಕೀಯ ಸಂಘಗಳು ಒಟ್ಟಾಗಿ ಕುಳಿತು, ಆ ಹಳೆಯ ಪದಗಳ ಬದಲು 'ಮೂತ್ರಮಾರ್ಗದ ಹಿಗ್ಗುವಿಕೆ' ಎಂಬ ಒಂದೇ ಮಾತನ್ನು ಬಳಸಿ, ಅಪಾಯದ ಮಟ್ಟಕ್ಕೆ ತಕ್ಕಂತೆ ದರ್ಜೆ ಕೊಡಬೇಕೆಂದು ಒಪ್ಪಿಕೊಂಡವು. ಏಕೆಂದರೆ ಗರ್ಭದಲ್ಲಿ ಕಾಣುವ ಇಂಥ ಸಣ್ಣ ಹಿಗ್ಗುವಿಕೆ ಬಹಳಷ್ಟು ಮಕ್ಕಳಲ್ಲಿ ತಾನಾಗಿಯೇ ಸರಿಹೋಗುತ್ತದೆ. ಭಾರವಾದ ಒಂದು ಪದ ನಿರಪಾಯದ ಮನೆಯಲ್ಲೂ ನಿದ್ದೆ ಕೆಡಿಸಬಲ್ಲದು.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಹೆಸರು ಒಂದಾದ ಮಾತ್ರಕ್ಕೆ ಕಾರಣ ಒಂದಾಗುವುದಿಲ್ಲ. ಕಾಕುಟ್ ಇರುವವರಲ್ಲಿ ಸುಮಾರು ಶೇಕಡಾ 10ರಿಂದ 20ರಷ್ಟು ಮಂದಿಯಲ್ಲಿ ಒಂದೇ ಜೀನಿನ ಬದಲಾವಣೆಯನ್ನು ಕಾರಣವಾಗಿ ಗುರುತಿಸಲಾಗುತ್ತದೆ. ತಾಯಿಗೆ ಗರ್ಭಧಾರಣೆಗೆ ಮೊದಲೇ ಇದ್ದ, ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ ಮತ್ತೊಂದು ಕಾರಣ. ರಕ್ತದೊತ್ತಡಕ್ಕೆ ಕೊಡುವ ಕೆಲವು ಬಗೆಯ ಮಾತ್ರೆಗಳು ಗರ್ಭಿಣಿಯ ಹೊಟ್ಟೆ ಸೇರಿದರೆ ಶಿಶುವಿನ ಪಿಂಡಕ್ಕೆ ಹಾನಿ ಮಾಡುತ್ತವೆ. ಉಳಿದ ಬಹುಪಾಲು ಮಕ್ಕಳಲ್ಲಿ ಜೀನುಗಳೂ ಗರ್ಭದ ಪರಿಸರವೂ ಕೂಡಿ ಕೆಲಸ ಮಾಡುತ್ತವೆ.

ನಮ್ಮ ಅಡಿಕೆ ತೋಟದ ಉದಾಹರಣೆಯನ್ನೇ ನೋಡಿ. ಸೋಗೆ ಹಳದಿಯಾದರೆ ನಾವೆಲ್ಲ 'ಹಳದಿ ರೋಗ' ಎನ್ನುತ್ತೇವೆ. ಶೃಂಗೇರಿ, ಕೊಪ್ಪದ ಕಡೆ ಎಷ್ಟೋ ತೋಟಗಳನ್ನು ನುಂಗಿದ ಹಳದಿ ಎಲೆ ರೋಗಕ್ಕೆ ಫೈಟೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿಯ ನಂಟಿದೆ. ಆದರೆ ನೀರು ಬಸಿಯದೆ ನಿಂತರೂ ಸೋಗೆ ಹಳದಿಯಾಗುತ್ತದೆ. ಪೋಷಕಾಂಶ ಕಡಿಮೆಯಾದರೂ ಹಳದಿಯಾಗುತ್ತದೆ. ಬಣ್ಣ ಒಂದೇ ಎಂದು ಎಲ್ಲ ತೋಟಕ್ಕೂ ಒಂದೇ ಕಾರಣ ಹೇಳಿದರೆ, ಬಸಿಗಾಲುವೆ ತೆಗೆಯಬೇಕಾದವನು ಮರ ಕಡಿಸಿ ಕೂರುತ್ತಾನೆ.

ಇನ್ನೂ ಹತ್ತಿರದ, ಇನ್ನೂ ನೋವಿನ ಉದಾಹರಣೆ ಸಾಗರ ತಾಲೂಕಿನದು. 1970ರ ದಶಕದ ಮಧ್ಯದಲ್ಲಿ ಹಂದಿಗೋಡಿನಲ್ಲಿ ಸೊಂಟ, ಮಂಡಿಗಳ ಕೀಲು ಸವೆದು ಜನ ನಡೆಯಲಾರದಂತಾದದ್ದು ಬೆಳಕಿಗೆ ಬಂತು. ಊರಿನ ಹೆಸರೇ ಕಾಯಿಲೆಯ ಹೆಸರಾಯಿತು. 1977ರಲ್ಲಿ ಪ್ರಕಟವಾದ ಅಧ್ಯಯನವೊಂದು ಅದನ್ನು ಮಲೆನಾಡಿನ ಕೌಟುಂಬಿಕ ಸಂಧಿವಾತವೆಂದು ಕರೆಯಿತು. ಗದ್ದೆಗೆ ಹೊಡೆದ ಕೀಟನಾಶಕ ಏಡಿ ಮೀನುಗಳಲ್ಲಿ ಸೇರಿ, ಅವನ್ನು ತಿಂದ ಬಡವರಿಗೆ ಹೀಗಾಯಿತೆಂಬ ಅನುಮಾನ ಆಗ ಬಲವಾಗಿತ್ತು. ಮುಂದಿನ ಸಂಶೋಧನೆಗಳು ಕುಟುಂಬಗಳ ವಂಶವೃಕ್ಷಗಳನ್ನು ಬಿಡಿಸಿ ನೋಡಿ, ಇದು ತಂದೆತಾಯಿಗಳಿಂದ ಮಕ್ಕಳಿಗೆ ಹರಿಯುವ ಮೂಳೆಬೆಳವಣಿಗೆಯ ಕಾಯಿಲೆಯೆಂಬ ತೀರ್ಮಾನದತ್ತ ನಡೆದವು. ಹೆಸರು ಬದಲಾಯಿತು, ಕಾರಣ ಬದಲಾಯಿತು; ಆದರೆ ಊರಿಗೆ ಅಂಟಿದ ಹೆಸರು ಊರನ್ನು ಬಿಡಲಿಲ್ಲ. ಹೆಸರಿಡುವಾಗ ನಾವು ಎಷ್ಟು ಜಾಗರೂಕರಾಗಿರಬೇಕೆಂಬುದಕ್ಕೆ ಇದಕ್ಕಿಂತ ಪಾಠ ಬೇಕೆ?

ಈಗ ನಮ್ಮ ವಾಕ್ಯಕ್ಕೆ ಬರೋಣ. ನಮ್ಮ ಪಂಚಾಯಿತಿಯಲ್ಲಿ ವರ್ಷಕ್ಕೆ ಸುಮಾರು 100 ಮಕ್ಕಳು ಹುಟ್ಟುತ್ತಾರೆಂದು ಇಟ್ಟುಕೊಳ್ಳೋಣ. ಹತ್ತು ವರ್ಷಕ್ಕೆ 1000. ಯಾವ ವಿಷವೂ ಇಲ್ಲದ ಊರಿನಲ್ಲಿಯೂ ಅಷ್ಟು ಮಕ್ಕಳಲ್ಲಿ 3ರಿಂದ 6 ಮಂದಿಗೆ ಈ ವ್ಯತ್ಯಯಗಳಿರುವುದು ನಿರೀಕ್ಷಿತ. ನಮ್ಮಲ್ಲಿರುವವರು ನಾಲ್ವರು. ಅಂದರೆ ನಾಲ್ಕು ಎಂಬ ಸಂಖ್ಯೆ ಸಿಂಪಡಣೆಯ ವಿರುದ್ಧ ಸಾಕ್ಷಿಯಲ್ಲ. ಸಿಂಪಡಣೆ ನಿರಪರಾಧಿ ಎಂಬುದಕ್ಕೂ ಸಾಕ್ಷಿಯಲ್ಲ. ಅದು ಎಣಿಕೆಯ ಆರಂಭ ಮಾತ್ರ. ನಾಲ್ವರಲ್ಲಿ ಒಬ್ಬನಿಗೆ ಕವಾಟ, ಇನ್ನೊಬ್ಬಳಿಗೆ ಲಾಳದಾಕಾರದ ಪಿಂಡ, ಮತ್ತಿಬ್ಬರ ಚೀಟಿಗಳನ್ನು ನಾವಿನ್ನೂ ನೋಡಿಲ್ಲ. ಎದುರಿನ ವಕೀಲರು ಈ ಒಂದು ವಾಕ್ಯವನ್ನು ಎಳೆದರೆ ಮನವಿಯ ಉಳಿದ ಹದಿನೈದು ಸತ್ಯವಾಕ್ಯಗಳೂ ಅದರೊಡನೆ ಕಿತ್ತುಬರುತ್ತವೆ. ನಾನು ಹೆದರಿದ್ದು ಅದಕ್ಕೆ.

ವಿಷದ ವಿರುದ್ಧದ ಹೋರಾಟ ಗೆಲ್ಲಲಾರದೆಂದು ನಾನು ಹೇಳುತ್ತಿಲ್ಲ. ಕಾಸರಗೋಡು ಮತ್ತು ದಕ್ಷಿಣ ಕನ್ನಡದ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ಕಥೆ ನಿಮಗೆ ತಿಳಿದದ್ದೇ. ಅಲ್ಲಿನ ಜನ, ವೈದ್ಯರು, ಪತ್ರಕರ್ತರು ಮನೆಮನೆಗೆ ಹೋಗಿ ಬರೆದಿಟ್ಟ ದಾಖಲೆಗಳೇ ಮುಂದೆ ಬಲವಾದವು. 2011ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯ ಅದರ ತಯಾರಿಕೆ, ಮಾರಾಟ, ಬಳಕೆಗಳನ್ನು ದೇಶದಾದ್ಯಂತ ತಡೆಯಿತು. ಆ ದಾರಿಯಲ್ಲಿ ಎಣಿಕೆ ಇತ್ತು, ತಾಳ್ಮೆ ಇತ್ತು.

ಎಣಿಕೆಯ ಮಾತು ಬಂದುದರಿಂದ ಇನ್ನೊಂದನ್ನು ಹೇಳಬೇಕು. 2013ರಲ್ಲಿ ಕೇಂದ್ರ ಸರ್ಕಾರ ಮಕ್ಕಳ ತಪಾಸಣೆಗಾಗಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವನ್ನು ಆರಂಭಿಸಿತು. ಅದು ಮೊದಲಿಗೆ ಪಟ್ಟಿ ಮಾಡಿದ ಹುಟ್ಟುನ್ಯೂನತೆಗಳಲ್ಲಿ ಸೀಳುತುಟಿ ಇದೆ, ತಿರುಚಿದ ಪಾದ ಇದೆ, ಹೃದಯದ ನ್ಯೂನತೆ ಇದೆ; ಮೂತ್ರಾಂಗಗಳಿಲ್ಲ. ಹೊರಗೆ ಕಾಣದ ಅಂಗ, ಪಟ್ಟಿಯಲ್ಲೂ ಕಾಣಲಿಲ್ಲ. ಹೆಸರಿಲ್ಲದ್ದು ಎಣಿಕೆಗೆ ಸಿಗದು. ಎಣಿಕೆಗೆ ಸಿಗದ್ದು ಹಣದ ಲೆಕ್ಕಕ್ಕೂ ಬಾರದು. ನಮ್ಮ ಮನವಿಯಲ್ಲಿ ಇರಬೇಕಾದ ಬೇಡಿಕೆ ಇದು ಎಂದು ನನಗನ್ನಿಸುತ್ತದೆ.

ಕನ್ನಡದಲ್ಲಿ ಇದನ್ನು ಏನೆಂದು ಕರೆಯೋಣ? ಕರಡಿನಲ್ಲಿ 'ದೋಷ' ಎಂದಿತ್ತು. ನಮ್ಮ ಮನೆಗಳಲ್ಲಿ ಆ ಪದ ಒಂಟಿಯಾಗಿ ಬರುವುದಿಲ್ಲ. ಗ್ರಹದೋಷ, ನಾಗದೋಷ, ಕೊನೆಗೆ ತಾಯಿಯ ದೋಷವೆಂದು ಬೆರಳು ತೋರಿಸುತ್ತಲೇ ಬರುತ್ತದೆ. ನನ್ನ ತಂಗಿ ಎರಡು ವರ್ಷ ತಲೆ ತಗ್ಗಿಸಿ ನಡೆದದ್ದು ರೋಗದಿಂದಲ್ಲ, ಈ ಪದದಿಂದ. ಹುಟ್ಟುಕುರುಡು, ಹುಟ್ಟುಕಿವುಡು ಎಂದು ನಮ್ಮ ಹಿರಿಯರು ಯಾರನ್ನೂ ದೂರದೆ ಸುಮ್ಮನೆ ಕಾಲವನ್ನಷ್ಟೇ ಸೂಚಿಸಿ ಹೇಳುತ್ತಿದ್ದರು. ಆ ಜಾಡಿನಲ್ಲಿ 'ಮೂತ್ರಾಂಗಗಳ ಹುಟ್ಟುವ್ಯತ್ಯಯ' ಎನ್ನಬಹುದು. ವ್ಯತ್ಯಯವೆಂದರೆ ಬೇರೆಯಾದದ್ದು, ಯಾರದೋ ತಪ್ಪಲ್ಲ. ಲಾಳದಾಕಾರದ ಪಿಂಡವಿರುವ ಎಷ್ಟೋ ಮಂದಿ ಅದರ ಅರಿವೇ ಇಲ್ಲದೆ ಬಾಳುತ್ತಾರೆ. ಅಂಥವರಿಗೆ ಈ ಪದವೇ ಒಪ್ಪುತ್ತದೆ.

ನನ್ನ ಶಾಸ್ತ್ರದ ಕಡೆಯಿಂದ ಒಂದು ಮಾತು. 1948ರಲ್ಲಿ ವಿಲ್ಸನ್ ಮತ್ತು ವಾರ್ಕನಿ ಎಂಬ ವಿಜ್ಞಾನಿಗಳು 'ಎ' ಜೀವಸತ್ವವಿಲ್ಲದ ಆಹಾರ ತಿಂದ ತಾಯಿ ಇಲಿಗಳ ಮರಿಗಳಲ್ಲಿ ಮೂತ್ರಾಂಗಗಳ ಊನಗಳನ್ನು ಕಂಡರು. 2007ರಲ್ಲಿ ಬೆಂಗಳೂರು ಮತ್ತು ಕೆನಡಾದ ಮಾಂಟ್ರಿಯಲ್‌ನ ತಾಯಿಮಕ್ಕಳನ್ನು ಹೋಲಿಸಿದ ಒಂದು ಸಣ್ಣ ಪ್ರಾಥಮಿಕ ಅಧ್ಯಯನವು, ತಾಯಿಯ 'ಎ' ಜೀವಸತ್ವದ ಮಟ್ಟಕ್ಕೂ ನವಜಾತ ಶಿಶುವಿನ ಮೂತ್ರಪಿಂಡದ ಗಾತ್ರಕ್ಕೂ ನಂಟಿರಬಹುದೆಂದು ಸೂಚಿಸಿತು. ಪ್ರತಿ ಪಿಂಡದಲ್ಲಿ ಸರಾಸರಿ ಸುಮಾರು 10 ಲಕ್ಷ ನೆಫ್ರಾನ್‌ಗಳಿರುತ್ತವೆ. ಗರ್ಭದ 36ನೆಯ ವಾರದ ಹೊತ್ತಿಗೆ ಅವುಗಳ ರಚನೆ ಮುಗಿಯುತ್ತದೆ. ಸಿಂಗಾರ ಬಿರಿದ ಮೇಲೆ ಅದರಲ್ಲಿರುವ ಹೆಣ್ಣುಹೂಗಳ ಸಂಖ್ಯೆಯನ್ನು ಯಾವ ಗೊಬ್ಬರವೂ ಹೆಚ್ಚಿಸಲಾರದು, ಹಾಗೆಯೇ ಇದು. ಆದ್ದರಿಂದ ಬಸುರಿಯ ತಟ್ಟೆಯಲ್ಲಿ ನುಗ್ಗೆಸೊಪ್ಪು, ಹರಿವೆ, ಬಸಳೆ, ಸಿಹಿಗುಂಬಳ ಇರಲಿ. ಮಾತ್ರೆಗಳ ರೂಪದಲ್ಲಿ 'ಎ' ಜೀವಸತ್ವ ಅತಿಯಾದರೆ ಅದೂ ಭ್ರೂಣಕ್ಕೆ ಹಾನಿಯೇ. ವೈದ್ಯರನ್ನು ಕೇಳದೆ ನುಂಗಬೇಡಿ.

ತಾಯಂದಿರು ನೆನಪಿಡಬೇಕಾದ್ದು ಹೆಚ್ಚೇನಿಲ್ಲ. ಐದನೆಯ ತಿಂಗಳ ಹೊತ್ತಿನ ಸ್ಕ್ಯಾನಿಂಗನ್ನು ತಪ್ಪಿಸಬೇಡಿ. ಸಕ್ಕರೆ ಕಾಯಿಲೆಯಾಗಲಿ, ರಕ್ತದೊತ್ತಡವಾಗಲಿ ಇರುವವರು ಬಸಿರಾಗುವ ಮೊದಲೇ ವೈದ್ಯರೊಡನೆ ಮಾತನಾಡಿ. ಮಾತ್ರೆಯನ್ನು ತಾವಾಗಿಯೇ ನಿಲ್ಲಿಸದೆ ಬದಲಿಸಿಕೊಳ್ಳಿ. ಗಂಡುಮಗು ಉಚ್ಚೆ ಹೊಯ್ಯುವಾಗ ಧಾರೆ ಬಾರದೆ ತೊಟ್ಟಿಕ್ಕಿದರೆ, ಎಳೆಗೂಸಿಗೆ ಕಾರಣ ತಿಳಿಯದ ಜ್ವರ ಮರಳಿ ಮರಳಿ ಬಂದರೆ, ಮಗು ಬೆಳೆಯದೆ ಸೊರಗಿದರೆ ಮೂತ್ರ ಪರೀಕ್ಷೆ ಮಾಡಿಸಿ. ಎಲ್ಲ ಚೀಟಿಗಳನ್ನೂ ಒಂದೇ ಚೀಲದಲ್ಲಿಟ್ಟು, ಪ್ರತಿ ಸಲವೂ ಎಲ್ಲವನ್ನೂ ತೋರಿಸಿ.

ವಿದ್ಯಾರ್ಥಿ ಮಿತ್ರರಿಗೆ ಕೆಲಸವೊಂದಿದೆ. ಒಪ್ಪುವ ಮನೆಗಳಲ್ಲಿ ಮಾತ್ರ, ಹೆಸರು ಗುಟ್ಟಾಗಿಟ್ಟು, ಆಶಾ ಕಾರ್ಯಕರ್ತೆಯರ ಜೊತೆಗೂಡಿ, ಹತ್ತು ವರ್ಷಗಳ ಜನನಗಳನ್ನೂ ವ್ಯತ್ಯಯಗಳನ್ನೂ ಬರೆಯೋಣ: ಯಾವ ಅಂಗ, ಯಾವ ಬಗೆ, ತಾಯಿ ಯಾವ ತಿಂಗಳಲ್ಲಿ ಎಲ್ಲಿದ್ದರು, ಆಗ ತೋಟಕ್ಕೆ ಹೊಡೆದದ್ದೇನು. ಭ್ರೂಣದ ಐದನೆಯ ವಾರ ಯಾವ ಋತುವಿನಲ್ಲಿ ಬಿತ್ತೆಂಬುದನ್ನು ಬರೆಯದ ಪಟ್ಟಿ ಏನನ್ನೂ ಹೇಳಲಾರದು.

ಕರಡಿನ ವಾಕ್ಯವನ್ನು ಹೀಗೆ ತಿದ್ದಬೇಕೆಂದು ವಿನಂತಿಸುತ್ತೇನೆ: 'ನಮ್ಮ ಪಂಚಾಯಿತಿಯಲ್ಲಿ ಮೂತ್ರಾಂಗಗಳ ಹುಟ್ಟುವ್ಯತ್ಯಯವಿರುವ ನಾಲ್ಕು ಮಕ್ಕಳಿದ್ದಾರೆ. ಇವರ ಚಿಕಿತ್ಸೆಗೆ ಜಿಲ್ಲೆಯಲ್ಲಿಯೇ ವ್ಯವಸ್ಥೆಯಾಗಲಿ. ಇಂಥ ವ್ಯತ್ಯಯಗಳನ್ನು ತಪಾಸಣೆಯ ಪಟ್ಟಿಗೆ ಸೇರಿಸಿ ಎಣಿಸಲಿ. ಸಿಂಪಡಣೆಯ ದಾಖಲೆಗಳನ್ನು ಸಾರ್ವಜನಿಕರ ಮುಂದಿಡಲಿ.' ಇದಕ್ಕೆ ನಾನು ಈ ಕ್ಷಣವೇ ಸಹಿ ಹಾಕುತ್ತೇನೆ. ನನ್ನ ತಂಗಿಯೂ ಹಾಕುತ್ತೇನೆಂದಿದ್ದಾಳೆ. ಹಿಂದಿನ ಕರಡಿಗೆ ಅವಳು ಹಾಕಿರಲಿಲ್ಲ. 'ದೋಷ' ಎಂಬ ಪದವನ್ನು ಓದಿ ಹಾಳೆಯನ್ನು ಮಡಚಿ ಹಿಂದಿರುಗಿಸಿದ್ದಳು.